ಹಿತ್ತಲ ಬಾನಿ, ಗುಂಡಾಟದ ಕೋಲು

ಹೋದ ತಿಂಗಳು ಮೊಮ್ಮಗಳು ಚೈತ್ರ ರಜಕ್ಕೆಂದು ಶಿರಾಕ್ಕೆ ಬಂದಿದ್ದಾಗ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ತನ್ನ ಪೂಲ್ ಆಟದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೋಲಿನ ಹಿಡಿಗೆ ಸುತ್ತಿದ್ದ ತೊಗಲು ಕಿತ್ತುಹೋಗಿತ್ತು. ಹೊಸದನ್ನು ಎಲ್ಲಿಂದಲೋ ತರಿಸಿದ್ದಳು. ಕರಿ ಬಣ್ಣದ್ದು, ವೀಳ್ಯದೆಲೆಯಷ್ಟು ತೆಳ್ಳಗಿತ್ತು. ಫೋನನ್ನು ಗೋಡೆಗೆ ಒರಗಿಸಿ, ಅದರಲ್ಲಿ ಯಾರೋ ಮಾಡುವುದನ್ನು ನೋಡುತ್ತ ತಾನೂ ಮಾಡುತ್ತಿದ್ದಳು. "ಅಜ್ಜಿ, ಈ ತುದಿ ಒಂಚೂರು ಹಿಡ್ಕೊ" ಅಂದಳು. ಹಿಡಿದುಕೊಂಡೆ. ಹಿಡಿದ ಕೂಡಲೇ ನನ್ನ ಹೆಬ್ಬೆರಳು ತಾನಾಗಿಯೇ ಅಂಚಿಗೆ ಹೋಗಿ ಅದರ ದಪ್ಪ ನೋಡಿತು. ಚೈತ್ರ ನಕ್ಕು, "ನೀನು ಮುಂಚೆ ಮಾಡಿದ್ದೀಯಾ?" ಅಂತ ಕೇಳಿದಳು. ಇಲ್ಲಮ್ಮ ಅಂದೆ. ಸುಳ್ಳೇನೂ ಅಲ್ಲ, ಮಾಡುತ್ತಿದ್ದವನು ನನ್ನಪ್ಪ. ಆದರೆ ಅಷ್ಟು ಹೇಳಿದರೆ ಇನ್ನಷ್ಟು ಹೇಳಬೇಕಾಗುತ್ತದೆ, ನನಗೆ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಮಕ್ಕಳಾ, ನಿಮ್ಮ ತಾತ ಇದ್ದಾಗಲೂ ಈ ವಿಷಯ ಮನೆಯಲ್ಲಿ ಬರುತ್ತಿರಲಿಲ್ಲ. ಅವರಿಗೆ ಇಷ್ಟವಿರಲಿಲ್ಲ, ನಾನೂ ತೆಗೆಯುತ್ತಿರಲಿಲ್ಲ. ನಮ್ಮ ಜಾತಿಯ ಹೆಸರು ನಿಮಗೆ ಸರ್ಟಿಫಿಕೇಟಿನಲ್ಲಿ ಬರೆದಿರುವಷ್ಟು ಗೊತ್ತು. ಆ ಹೆಸರಿನ ಹಿಂದೆ ಒಂದು ಮನೆ ಇತ್ತು, ಅಡುಗೆ ಇತ್ತು, ಜಗಳ ಇತ್ತು, ನಗು ಬಹಳ ಇತ್ತು. ಅದನ್ನು ನಿಮಗೆ ಬರೆದಿಡುತ್ತೇನೆ.

ನಮ್ಮ ಮನೆ ಇದ್ದದ್ದು ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ, ಊರಿನಿಂದ ಹಳ್ಳ ದಾಟಿ ಬರುವ ಕೇರಿಯಲ್ಲಿ. ಕೇರಿಗೇ ಕೊನೆಯ ಮನೆ. ಮುಂದೆ ಕಲ್ಲುಚಪ್ಪಡಿಯ ಜಗಲಿ, ಅಪ್ಪ ಕೆಲಸಕ್ಕೆ ಕೂರುವ ಜಾಗ. ಒಳಗೆ ಒಂದೇ ಉದ್ದನೆಯ ನಡುಮನೆ. ಅದರ ಮೂಲೆಯಲ್ಲಿ ಎದೆಮಟ್ಟಕ್ಕೆ ಒಂದು ಮಣ್ಣಿನ ಗೋಡೆ ಎಬ್ಬಿಸಿದ್ದರು, ಆ ಗೋಡೆಯ ಆಚೆ ಅಡುಗೆಮನೆ. ಒಲೆಯ ಹೊಗೆ ಗೋಡೆ ದಾಟಿ ಬಂದು ಸೂರಿನ ಬಿದಿರುಗಳನ್ನೆಲ್ಲ ಕಪ್ಪು ಮಾಡಿ ಹೊಳೆಯಿಸಿತ್ತು. ಆ ಬಿದಿರುಗಳಿಗೆ ಅಪ್ಪನ ಸಾಮಾನು ಜೋತುಬಿದ್ದಿರುತ್ತಿದ್ದವು. ಎತ್ತು ಹೊಡೆಯುವ ಬಾರುಕೋಲು, ನೊಗ ಬಿಗಿಯುವ ತೊಗಲಿನ ಮಿಣಿ, ಎತ್ತಿನ ಕೊರಳಿನ ಗೆಜ್ಜೆಪಟ್ಟಿ. ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಮೆಲ್ಲಗೆ ಅಲ್ಲಾಡುತ್ತಿದ್ದವು. ಅವುಗಳ ಕೆಳಗೆ ಮಲಗಿ ನಿದ್ದೆ ಹೋಗುವುದು ನನಗೆ ಬಹಳ ಹಿತವಾಗಿತ್ತು. ಹಿಂಬಾಗಿಲು ತೆಗೆದರೆ ಹಿತ್ತಲು, ಹಿತ್ತಲಲ್ಲಿ ಒಂದು ಹುಣಸೆಮರ, ಮರದ ನೆರಳಲ್ಲಿ ಬಾನಿ. ಬಾನಿ ಅಂದರೆ ಕುತ್ತಿಗೆಯವರೆಗೂ ನೆಲದಲ್ಲಿ ಹೂತಿದ್ದ ದೊಡ್ಡ ಮಣ್ಣಿನ ಗುಡಾಣ. ಖಾಲಿಯಿದ್ದಾಗ ನಾನು ಅದರೊಳಗೆ ಇಳಿದು ನಿಂತರೆ ತಲೆ ಕಾಣಿಸುತ್ತಿರಲಿಲ್ಲ. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ತೊಳೆದು, ಕಡೆಗೆ ಹದವಾಗಲೆಂದು ತಂದು ಇಳಿಸುತ್ತಿದ್ದದ್ದು ಇದಕ್ಕೆ. ಇದರ ತುಂಬ ತಂಗಡಿ ಗಿಡದ ಚಕ್ಕೆ ನೆನೆದ ನೀರು. ಅದರ ವಾಸನೆ ಹೇಗಿತ್ತು ಅಂತ ಹೇಳುವುದು ಕಷ್ಟ. ಹುಳಿಬಂದ ಅಂಬಲಿ, ನೆನೆದ ತೊಗಟೆ, ಸತ್ತ ದನ, ಇವೆಲ್ಲ ಸೇರಿ ಹಳತಾದ ಮೇಲೆ ಬರುವ ವಾಸನೆ. ಹೊರಗಿನವರಿಗೆ ಹಳ್ಳದ ಆಚೆಗೇ ಮೂಗಿಗೆ ಬಡಿಯುತ್ತಿತ್ತಂತೆ. ನನಗೆ ಅದು ವಾಸನೆ ಅನ್ನಿಸುತ್ತಲೇ ಇರಲಿಲ್ಲ. ಅದು ಮನೆ ಅನ್ನಿಸುತ್ತಿತ್ತು.

ಬಾನಿ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ತೊಗಲು ಇಳಿಸುವುದು, ಎತ್ತುವುದು, ಹಿಂಡುವುದು ಅಪ್ಪನ ಕೆಲಸವಾದರೂ ಯಾವತ್ತು ಎತ್ತಬೇಕು ಅನ್ನುವುದನ್ನು ಅಜ್ಜಿ ಹೇಳಬೇಕು. ಸೀರೆಯನ್ನು ಮೊಣಕಾಲಿಗೆ ಕಟ್ಟಿ, ಬಾನಿಯ ಕಂಠದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಭುಜದವರೆಗೂ ತೋಳು ಇಳಿಸಿ, ಕಣ್ಣು ಮುಚ್ಚಿಕೊಂಡು ಒಳಗೆ ತಡವುತ್ತಿದ್ದಳು. ಹೊಸ ಚಕ್ಕೆ ಹಾಕುವ ದಿನ ಬಾನಿಯ ಕಂಠಕ್ಕೆ ಅರಿಶಿನ ಬಳಿಯುತ್ತಿದ್ದಳು, ಒಂದು ಹಿಡಿ ರಾಗಿ ಹಿಟ್ಟು ಒಳಗೆ ಉದುರಿಸುತ್ತಿದ್ದಳು. "ಉಣ್ಣು ತಾಯಿ, ನಮಗೂ ಉಣ್ಣಕಿಕ್ಕು" ಅನ್ನುತ್ತಿದ್ದಳು. ಅಮಾವಾಸ್ಯೆಯ ದಿನ ಬಾನಿಗೆ ಕೈ ಹಾಕುವಂತಿರಲಿಲ್ಲ, ಅದೂ ದಣಿದಿರುತ್ತದೆ ಅಂತ. ಆ ದಿನ ಅಜ್ಜಿಗೆ ಏನೂ ತೋಚದೆ ಇಡೀ ಕೇರಿಯನ್ನು ಸುತ್ತಿ ಎಲ್ಲರ ಮನೆ ಜಗಳವನ್ನೂ ಬಿಡಿಸಿ ಬರುತ್ತಿದ್ದಳು.

ಅವ್ವ ಈ ಮನೆಗೆ ಬಂದದ್ದು ಪಾವಗಡದ ಕಡೆಯ ವೈ.ಎನ್.ಹೊಸಕೋಟೆಯಿಂದ. ಅವಳ ತವರಿನವರು ತೊಗಲಿನ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಕಡ್ಲೆಕಾಯಿ ಹೊಲದ ಕೆಲಸ ಮಾಡಿಕೊಂಡಿದ್ದರು, ಅವಳ ಅಣ್ಣ ಓದಿ ಮೇಷ್ಟ್ರಾಗಿದ್ದರು. ಹೆಣ್ಣು ಕೊಡುವಾಗ ಅವರು ಕೇಳಿದ್ದು ಒಂದೇ ಮಾತು, ಬಾನಿ ಮುಚ್ಚಬೇಕು ಅಂತ. ಅಪ್ಪನ ಅಪ್ಪ "ಆಗಲಿ" ಅಂದಿದ್ದರಂತೆ. ಆದರೆ ಮದುವೆಯಾದ ವರ್ಷವೇ ಅವರು ತೀರಿಕೊಂಡರು. ಬಾನಿ ಹಾಗೇ ಉಳಿಯಿತು. ಅವ್ವ ತೊಗಲನ್ನು ಮುಟ್ಟುತ್ತಿರಲಿಲ್ಲ, ಹಿಂಬಾಗಿಲನ್ನು ದಾಟುತ್ತಿರಲಿಲ್ಲ. ಹುಣಸೆಹಣ್ಣು ಬೇಕಾದರೂ ನನ್ನನ್ನೇ ಕಳಿಸುತ್ತಿದ್ದಳು. ಸುಣ್ಣದಿಂದ ತೊಗಲು ಎತ್ತಿದ ದಿನ ಒಳಗೆ ಉಣ್ಣುತ್ತಲೂ ಇರಲಿಲ್ಲ. ಮುದ್ದೆಯ ತಣಿಗೆ ಹಿಡಿದು ಜಗಲಿಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾನು ಸ್ವಲ್ಪ ಹೊತ್ತು ಅವಳ ಜೊತೆ, ಸ್ವಲ್ಪ ಹೊತ್ತು ಒಳಗೆ ಅಜ್ಜಿಯ ಜೊತೆ, ಒಂದೇ ತಣಿಗೆಯನ್ನು ಎರಡೂ ಕಡೆ ಹೊತ್ತು ಉಣ್ಣುತ್ತಿದ್ದೆ. ಅವ್ವ ಹುರಿದ ಕಡ್ಲೆಬೀಜ, ಒಣಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ತನ್ನ ತವರಿನ ಊರುಬಿಂಡಿ ಅರೆಯುತ್ತಿದ್ದಳು. ಆ ಚಟ್ನಿ ಅಂದರೆ ಅಜ್ಜಿಗೆ ಪ್ರಾಣ, ಆದರೆ ಬಾಯಿಬಿಟ್ಟು ಹೇಳುವವಳಲ್ಲ.

"ಏನೇ ಇದು, ನಿಮ್ ತೆಲುಗ್ರು ಸೀಮೇಲಿ ಖಾರಾನ ಬೊಗಸೇಲಿ ಅಳೀತಾರಾ?"

"ಖಾರ ಜಾಸ್ತಿ ಆದ್ರೆ ಬುಡು ಅತ್ತಾ. ಎರಡ್ಸಲ ಹಾಕಿಸ್ಕೊಂಡು ಆಮ್ಯಾಲೆ ಹೇಳ್ತೀಯ."

"ಹೊಟ್ಟೆ ಹಸ್ದಿತ್ತು, ತಿಂದೆ."

"ಮಾತು ಕೊಟ್ಟಿದ್ರಲ್ಲ ನಿಮ್ಮೋರು, ಅದನ್ನೂ ಹಂಗೇ ತಿಂದ್ಬುಟ್ರಿ."

"ಮಾತ್ ಕೊಟ್ಟೋನು ಹೋದ ಕಣಮ್ಮ. ಹೋಗಿ ಅವನ್ನೇ ಕೇಳು."

ಅಪ್ಪ ಈ ಮಾತು ಶುರುವಾದ ಕೂಡಲೇ ಬೀಡಿ ಹುಡುಕುವ ನೆವದಲ್ಲಿ ಎದ್ದು ಹೋಗುತ್ತಿದ್ದ. ಅವನು ಜಗಳಕ್ಕೆ ನಿಲ್ಲುವ ಗಂಡಸಲ್ಲ. ಹೆಂಡತಿ ಹೇಳಿದ್ದಕ್ಕೂ ಹೂಂ, ತಾಯಿ ಹೇಳಿದ್ದಕ್ಕೂ ಹೂಂ. ನಾನು ಅವನ ಮಗಳೇ.

ಊರಿನ ಸ್ಕೂಲಿನಲ್ಲಿ ನಾನು ಬಾಗಿಲ ಹತ್ತಿರ ಕೂರುತ್ತಿದ್ದೆ. ಯಾರೂ ಅಲ್ಲಿ ಕೂರು ಅನ್ನಲಿಲ್ಲ, ಯಾರೂ ಬೈಯಲಿಲ್ಲ. ಸಾಲಿನ ಮಧ್ಯೆ ಕೂತರೆ ಪಕ್ಕದ ಹುಡುಗಿಯರು ಸ್ವಲ್ಪ ಸ್ವಲ್ಪವೇ ಸರಿದು, ಪಾಠ ಮುಗಿಯುವ ಹೊತ್ತಿಗೆ ನನ್ನ ಎರಡೂ ಕಡೆ ಜಾಗ ಬಿದ್ದಿರುತ್ತಿತ್ತು. ಆ ಖಾಲಿ ಜಾಗವನ್ನು ಎಲ್ಲರೂ ನೋಡುತ್ತಾರಲ್ಲ ಅಂತ ನಾಚಿಕೆಯಾಗಿ ನಾನೇ ಹೋಗಿ ಬಾಗಿಲ ಹತ್ತಿರ ಕೂತೆ. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ನಿಂತರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಒಂದು ದಿನ ಅವ್ವ ಕೂಲಿಯಿಂದ ಬರುವಾಗ ಸ್ಕೂಲಿನ ಮುಂದೆ ಹಾದು ನನ್ನನ್ನು ನೋಡಿದಳು. ಮನೆಗೆ ಬಂದ ಮೇಲೆ, ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು.

"ಯಾಕೆ ಬಾಗ್ಲತ್ರ ಕೂತಿದ್ದೆ?"

"ಗಾಳಿ ಬರ್ತದೆ ಕಣವ್ವ."

ಅವ್ವನ ಕೈ ನನ್ನ ತಲೆಯ ಮೇಲೆ ನಿಂತುಹೋಯಿತು. ಆಮೇಲೆ ಜಡೆಯನ್ನು ಎಂದೂ ಇಲ್ಲದಷ್ಟು ಬಿಗಿಯಾಗಿ ಹೆಣೆದಳು. ಸಂಜೆ ಅಪ್ಪ ಹಳ್ಳದಿಂದ ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ ಹೇಳಿದಳು. ಬೇಸಿಗೆ ರಜ ಮುಗಿದರೆ ನಾನು ಮಿಡ್ಲ್ ಸ್ಕೂಲಿಗೆ ಕೊರಟಗೆರೆಗೆ ಹೋಗಬೇಕಾಗಿತ್ತು. ಸ್ಕೂಲು ಬಾಗಿಲು ತೆಗೆಯುವುದರೊಳಗೆ ಹಿತ್ತಲ ಬಾನಿ ಮುಚ್ಚಿರಬೇಕು. ಇಲ್ಲದಿದ್ದರೆ ನನ್ನನ್ನು ಹೊಸಕೋಟೆಗೆ, ಮೇಷ್ಟ್ರು ಮಾವನ ಮನೆಗೆ ಕಳಿಸುತ್ತಾಳೆ. ಅಲ್ಲೇ ಓದು, ಅಲ್ಲೇ ಬೆಳೆಯುವುದು.

"ನಾ ಬಿಡ್ಡ ವಾಸನೆ ಹೊತ್ಕೊಂಡು ಬಾಗ್ಲಲ್ಲಿ ಕೂರೋದು ಚಾಲು. ಇನ್ ನಾನು ಯಾರ್ ಮಾತೂ ಕೇಳಲ್ಲ." ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು, ಬಿಡ್ಡ ಅಂದರೆ ಮಗು, ಚಾಲು ಅಂದರೆ ಸಾಕು.

"ಬಾನಿ ಮುಚ್ಚಿ ತಿನ್ನೋದೇನೇ, ಮಣ್ಣಾ?" ಅಂದಳು ಅಜ್ಜಿ ಒಳಗಿನಿಂದ.

ಅಪ್ಪ ಈ ಸಲ ಬೀಡಿ ಹುಡುಕಲಿಲ್ಲ. ತೊಳೆಯದ ಕಾಲಿನಲ್ಲೇ ಜಗಲಿಯ ಮೇಲೆ ಕೂತುಬಿಟ್ಟ. ನನಗೆ ಹೊಸಕೋಟೆ ಅಂದರೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ತಲುಪುವ ಊರು. ಮಾವನ ಮನೆಯಲ್ಲಿ ಎಲ್ಲರೂ ತೆಲುಗು ಮಾತಾಡುತ್ತಿದ್ದರು, ನಾನು ಕನ್ನಡದಲ್ಲೇ ಮಾತಾಡಲು ಹೆದರುವವಳು. ಬೇಡ ಅಂತ ಹೇಳಬೇಕು ಅನ್ನಿಸಿತು. ಅಪ್ಪನಿಗೆ ಕಾಲು ತೊಳೆಯಲು ನೀರು ತಂದಿಟ್ಟೆ.

ಅದೇ ಬೇಸಿಗೆಯಲ್ಲಿ ಬಾಷಾ ಸಾಬರು ಬಂದರು. ಅವರು ಶಿರಾದವರು, ಮಧುಗಿರಿಯಲ್ಲಿ ಆಫೀಸರುಗಳು ಸಂಜೆ ಹೊತ್ತು ಆಡುವ ಕ್ಲಬ್ಬಿನಲ್ಲಿ ಮೇಜು, ಗುಂಡು, ಕೋಲುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಬಣ್ಣದ ಗುಂಡುಗಳನ್ನು ಕೋಲಿನಿಂದ ತಳ್ಳುವ ಆಟ ಅದು. ನಮ್ಮ ಕೇರಿಯ ಬಾಯಲ್ಲಿ ಅದು ಗುಂಡಾಟವಾಯಿತು. ಮಧುಗಿರಿ ಸಂತೆಯಲ್ಲಿ ಅಪ್ಪನ ಬಾರುಕೋಲಿನ ಹಿಡಿ ನೋಡಿದ್ದರಂತೆ. ಸೈಕಲ್ಲಿಗೆ ಒಂದು ಉದ್ದನೆಯ ಕೋಲು ಕಟ್ಟಿಕೊಂಡು ಬೆವರು ಸುರಿಸುತ್ತ ಬಂದು ಇಳಿದರು.

"ಏನ್ ಸಾಬ್ರೆ, ಮೀನ್ ಹಿಡಿಯಕ್ಕಾ?" ಅಂತ ಕೇರಿಯವರು ಕೇಳಿದರು. "ನಮ್ ಹಳ್ಳದಾಗೆ ನೀರೇ ಇಲ್ವಲ್ಲ!"

"ಅರೆ, ಮೀನಲ್ಲಪ್ಪ, ಸಾಹೇಬ್ರನ್ನ ಹಿಡಿಯಕ್ಕೆ" ಅಂದರು ಬಾಷಾ ಸಾಬರು.

ಬೇಸಿಗೆಯಲ್ಲಿ ಕೈ ಬೆವತು ಕೋಲು ಜಾರುತ್ತದೆ, ಹಿಡಿಗೆ ಸುತ್ತಿದ ದಾರವೂ ನೆನೆದು ಗಲೀಜಾಗುತ್ತದೆ, ಅದನ್ನು ಕಿತ್ತು ತೊಗಲು ಸುತ್ತಿಕೊಡಬೇಕು. ಇದು ಅವರು ತಂದಿದ್ದ ಕೆಲಸ. ತೊಗಲನ್ನು ಅವರೇ ಶಿರಾದ ಅಂಗಡಿಯಿಂದ ತರುತ್ತಾರೆ, ಹದ ಮಾಡಿದ ಆಡಿನ ತೊಗಲು, ಮೆತ್ತಗೆ, ತೆಳ್ಳಗೆ. ಈ ಕೋಲು ಸರಿಹೋದರೆ ಕ್ಲಬ್ಬಿನ ಮಿಕ್ಕ ಕೋಲುಗಳೂ, ಆಮೇಲೆ ಬೇರೆ ಊರುಗಳ ಕ್ಲಬ್ಬಿನವೂ ಬರುತ್ತವೆ ಅಂದರು. ಅವ್ವ ಗೋಡೆಯ ಆಚೆಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬಂದು ಆ ತೊಗಲಿನ ತುಂಡನ್ನು ಮುಟ್ಟದೆ, ಬಗ್ಗಿ ಮೂಸಿದಳು. ಏನೂ ವಾಸನೆ ಇರಲಿಲ್ಲ. "ಇದಕ್ಕೆ ಬಾನಿ ಬ್ಯಾಡ?" ಅಂತ ಸಾಬರನ್ನೇ ಕೇಳಿದಳು. "ಬೇಡ ತಾಯಿ" ಅಂದರು. ಅವ್ವ ಅಪ್ಪನ ಮುಖವನ್ನು ನೋಡಿದಳು. ಅಪ್ಪ ಹೂಂ ಅಂದ. ಈ ಕೆಲಸ ಕೈಗೆ ಹತ್ತಿದರೆ ಬಾನಿ ಮುಚ್ಚುತ್ತೇನೆ ಅನ್ನುವ ಹೂಂ ಅದು. ಹತ್ತದಿದ್ದರೆ ನಾನು ಹೊಸಕೋಟೆಗೆ. ಅಲ್ಲಿಂದ ಮುಂದೆ ಆ ಕೋಲಿನ ಮೇಲೆ ನನಗಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ.

ಅಪ್ಪ ಜಗಲಿಯ ಮೇಲೆ ಕೋಲನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಹಳೆಯ ದಾರ ಬಿಚ್ಚಿದ, ಒಡೆದ ಸೀಸೆಯ ಚೂರಿನಿಂದ ಅಂಟು ಕೆರೆದ. ಅವ್ವ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಬೇಯಿಸಿ ಅಂಟು ಮಾಡಿಕೊಟ್ಟಳು. ಅದು ಅಡುಗೆಯ ಹಾಗೆ, ತೊಗಲಲ್ಲ ಅಂತ ಅವಳ ಲೆಕ್ಕ. ಅಪ್ಪ ತೊಗಲನ್ನು ನೆನೆಸಿ, ಹಿಂಡಿ, ಎಳೆದು ಸುತ್ತಿ, ಎರಡು ಅಂಚನ್ನೂ ಒಂದರ ಮೇಲೊಂದು ತಂದು ಸಣ್ಣದಾಗಿ ಹೊಲಿದ. ಎಷ್ಟು ಚೆಂದ ಬಂದಿತ್ತು ಅಂದರೆ ಕೇರಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಹಿಡಿದು ನೋಡಿದರು. ಬಾಷಾ ಸಾಬರು ಬಂದು ಹಿಡಿದರು, ಹಿಡಿದವರೇ ಕಕ್ಕಾಬಿಕ್ಕಿಯಾದರು. ಹೊಲಿಗೆ ಉದ್ದಕ್ಕೂ ಇರುವೆ ಸಾಲಿನ ಹಾಗೆ ಉಬ್ಬಿಕೊಂಡಿತ್ತು.

"ಇದೇನ್ ಹನ್ಮಣ್ಣ, ಇಲ್ಲಿ ಬದು ಹಾಕಿದ್ದೀಯಲ್ಲ!"

"ಬದು ಇಲ್ದಿದ್ರೆ ಹೆಂಗೆ ಸಾಬ್ರೆ? ಕತ್ತಲಾಗೆ ಗಾಡಿ ಹೊಡೆಯುವಾಗ ಕೋಲು ಯಾವ ಮಗ್ಗುಲಿಗೈತೆ ಅಂತ ಬೆರಳಿಗೆ ಗೊತ್ತಾಗಬ್ಯಾಡ್ವಾ?"

"ಅಣ್ಣಾ, ಇದು ಎತ್ತು ಹೊಡ್ಯೋ ಕೋಲಲ್ಲ. ಸಾಹೇಬ್ರು ಲೈಟ್ ಕೆಳಗೆ ಆಡ್ತಾರೆ. ಕೈಗೆ ಏನೂ ಸಿಗಬಾರ್ದು, ಪೂರಾ ನುಣ್ಣಗೆ. ಅಂಚು ಸೇರೋ ಜೋಡು ಎಲ್ಲೈತೆ ಅಂತ ಗೊತ್ತೇ ಆಗಬಾರ್ದು."

ಅಪ್ಪನಿಗೆ ಅದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅವನಪ್ಪ, ಅವನ ತಾತ ಎಲ್ಲರೂ ಆ ಬದುವಿಗೇ ಹೆಸರಾದವರು. ಹಿಡಿಯಲ್ಲಿ ಬದು ಇಲ್ಲದ್ದು ಅವನ ಲೆಕ್ಕದಲ್ಲಿ ಮುಗಿಯದ ಕೆಲಸ. ಅಜ್ಜಿಯಂತೂ ಸೀದಾ ಹೇಳಿದಳು, "ಜೋಡು ಬಚ್ಚಿಡೋದು ಕಳ್ರ ಕೆಲ್ಸ." ಸಾಬರು ನಕ್ಕು, ಇನ್ನೊಂದು ತುಂಡು ತೊಗಲು ಕೊಟ್ಟು ಹೋದರು.

ಎರಡನೆಯ ಸಲ ಅಪ್ಪ ಹೊಲಿಯಲಿಲ್ಲ. ಹಳೆಯ ಪೇಪರನ್ನು ಹಿಡಿಗೆ ಸುತ್ತಿ ಅಳತೆ ತೆಗೆದ. ಆಗ ಕಂಡದ್ದು, ಕೋಲು ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಬಿದಿರಿನ ಹಾಗೆ ಒಂದೇ ಸಮ ಅಲ್ಲ. ತೊಗಲನ್ನು ಓರೆಯಾಗಿ ಕತ್ತರಿಸಬೇಕು. ಕತ್ತರಿಸಿ, ಅಂಟು ಬಳಿದು, ಅಂಚಿಗೆ ಅಂಚು ತಾಕಿಸಿ ನಿಲ್ಲಿಸಿದ. ಜೋಡು ಕೂದಲೆಳೆಯಷ್ಟು ಕಾಣುತ್ತಿತ್ತು. ಆಮೇಲೆ ಅದನ್ನು ಬಿಸಿಲಿಗೆ ಇಟ್ಟ. ನಮ್ಮಲ್ಲಿ ತಮಟೆಯ ತೊಗಲು ಬಿಗಿಯಾಗಬೇಕಾದರೆ ಬೆಂಕಿಗೆ ಹಿಡಿಯುತ್ತಾರೆ, ಬಿಸಿಲಿಗೆ ಇಡುತ್ತಾರೆ. ಹಸಿ ತೊಗಲು ಕಂಡರೆ ನಮ್ಮವರ ಕೈ ತಾನಾಗಿಯೇ ಬಿಸಿಲಿನ ಕಡೆ ಹೋಗುತ್ತದೆ. ಬಿಗಿಯೇನೋ ಆಯಿತು. ತೊಗಲು ತನ್ನಷ್ಟಕ್ಕೆ ಸೆಳೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಜೋಡು ಬಾಯಿ ಬಿಟ್ಟಿತ್ತು. ಅವ್ವ ಅಟ್ಟದಿಂದ ತನ್ನ ಮದುವೆಯ ಟ್ರಂಕನ್ನು ಇಳಿಸಿ, ಒರೆಸಿ, ನನ್ನ ಲಂಗಗಳನ್ನು ಮಡಿಸಿ ಇಡುವುದಕ್ಕೆ ಶುರುಮಾಡಿದಳು. ಅಜ್ಜಿ ಒಂದೊಂದನ್ನೇ ತೆಗೆದು ಹೊರಗಿಡುತ್ತಿದ್ದಳು. ಇವಳು ಇಡುವುದು, ಅವಳು ತೆಗೆಯುವುದು. ಇಬ್ಬರೂ ಎಷ್ಟೋ ಹೊತ್ತು ಹಾಗೇ ಮಾಡಿದರು. ನನಗೆ ಅಳು ಬರಬೇಕಾಗಿತ್ತು, ನಗು ಬಂದು ಹೊರಗೆ ಓಡಿದೆ.

ಮೂರನೆಯ ತುಂಡನ್ನು ಸಾಬರು ಕೊಡುವಾಗ ಮುಖ ಸಣ್ಣದು ಮಾಡಿಕೊಂಡಿದ್ದರು. ಇದೂ ಕೆಟ್ಟರೆ ಬೆಂಗಳೂರಿಗೇ ಕಳಿಸಿ ಅನ್ನುತ್ತಾರೆ ಸಾಹೇಬರು ಅಂದರು. ಅಪ್ಪ ಆ ಸಲ ತೊಗಲನ್ನು ಬೇಕಾದ್ದಕ್ಕಿಂತ ಎಳ್ಳಷ್ಟು ಅಗಲ ಬಿಟ್ಟು ಕತ್ತರಿಸಿದ, ಎರಡು ಅಂಚೂ ಒಂದನ್ನೊಂದು ದಬ್ಬಿಕೊಂಡು ನಿಲ್ಲಲಿ ಅಂತ. ಸುತ್ತಿದ. ನಿಂತಿತು. ಈಗ ಒಣಗುವಾಗ ಹೇಗೆ ಹಿಡಿದಿಡುವುದು? ಎರಡೂ ಕೈಯಿಂದ ಹಿಡಿಯನ್ನು ಹಿಸುಕಿ ಹಿಡಿದು ಕೂತ, ಬಿಡಲು ಧೈರ್ಯವಿಲ್ಲ. ಅವ್ವ ಗೋಡೆಯ ಮೇಲಿಂದ ನೋಡುತ್ತಿದ್ದಳು.

"ಎಷ್ಟೊತ್ತು ಹಂಗೇ ಕೂತಿರ್ತೀಯ?"

"ಒಣಗಾಗಂಟ."

"ನಾಳೆ ಉಣ್ಣೋದು ಹೆಂಗೆ, ನಾನ್ ತಿನ್ನಿಸ್ಲಾ?"

"ತಿನ್ಸು."

ಅವ್ವ ಬುಸ್ಸನೆ ನಕ್ಕಳು. ಆಮೇಲೆ ಒಳಗೆ ಹೋಗಿ ತನ್ನ ಹಳೆಯ ಸೀರೆಯಿಂದ ಒಂದು ಉದ್ದನೆಯ ಪಟ್ಟಿ ಹರಿದು ತಂದಳು. ಅವಳ ತವರಿನಲ್ಲಿ ಮೇಕೆಮರಿ ಕಾಲು ಮುರಿದುಕೊಂಡರೆ ಹಾಗೆ ಕಟ್ಟುತ್ತಿದ್ದರಂತೆ. ಕೆಳಗಿನಿಂದ ಮೇಲಕ್ಕೆ, ಅರ್ಧಕ್ಕೆ ಅರ್ಧ ಮುಚ್ಚಿಕೊಂಡು, ಎಲ್ಲೂ ಸಡಿಲ ಬಿಡದೆ. ಅಪ್ಪ ಬೆರಳು ಸರಿಸಿದ ಹಾಗೆಲ್ಲ ಅವಳು ಪಟ್ಟಿ ಎಳೆದು ಸುತ್ತುತ್ತ ಬಂದಳು. ಇಬ್ಬರ ತಲೆಗಳೂ ತಾಕುವಷ್ಟು ಹತ್ತಿರ ಇದ್ದವು. ಅವರು ಹಾಗೆ ಕೂತು ಒಂದೇ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ಎಲೆಯಡಿಕೆ ಜಗಿಯುತ್ತಿದ್ದಳು.

"ಬಟ್ಟೆ ಮ್ಯಾಲಿಂದ ಮುಟ್ಟುದ್ರೂ ತೊಗಲು ಮುಟ್ಟುದಂಗೇ ಕಣಮ್ಮ."

"ಚಾಲು ಅತ್ತಾ, ನಾನು ನನ್ ಸೀರೆ ಮುಟ್ಟಿದ್ದೀನಿ."

ಕೋಲನ್ನು ನಡುಮನೆಯ ನೆರಳಿನಲ್ಲಿ, ಬಾರುಕೋಲುಗಳ ನಡುವೆ ನೇತುಹಾಕಿದರು. ಅಪ್ಪ ಆಗಾಗ ಹೋಗಿ ಪಟ್ಟಿಯ ತುದಿ ಬಿಚ್ಚಿ ನೋಡಲು ಹೋಗುತ್ತಿದ್ದ. ಅವ್ವ ಅವನ ಕೈಗೆ ಸೌಟಿನಲ್ಲಿ ಹೊಡೆಯುತ್ತಿದ್ದಳು. ಪೂರ್ತಿ ಒಣಗಿದ ಮೇಲೆ ಅವಳೇ ಬಿಚ್ಚಿದಳು. ಅಪ್ಪ ಒಂದು ಗಾಜಿನ ಸೀಸೆಯಿಂದ ಹಿಡಿಯನ್ನು ಉಜ್ಜಿ ಉಜ್ಜಿ ಹೊಳಪು ತಂದ. ಬಾಷಾ ಸಾಬರು ಬಂದು ಹಿಡಿದರು. ತಿರುಗಿಸಿದರು, ಕೆನ್ನೆಗೆ ಸವರಿಕೊಂಡರು, ಬೀದಿಗೆ ಹೋಗಿ ಬಿಸಿಲಿಗೆ ಹಿಡಿದರು. ನಾನು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದೆ.

"ಜೋಡು ಎಲ್ಲಿ ಹನ್ಮಣ್ಣ?"

ಅಪ್ಪ ಹುಡುಕಿದ. ಅವನಿಗೂ ಸಿಗಲಿಲ್ಲ. ಅಜ್ಜಿ ಕೈ ಚಾಚಿ ಇಸಿದುಕೊಂಡು, ಹೆಬ್ಬೆರಳ ಉಗುರನ್ನು ಒಂದು ಸುತ್ತು ಎಳೆದು, "ಇಲ್ಲೈತೆ" ಅಂದಳು.

"ಅಜ್ಜಿ, ನೀನು ಕ್ಲಬ್ಬಿಗೆ ಬರೋದಿಲ್ವಲ್ಲ, ಪರವಾಗಿಲ್ಲ ಬುಡು!" ಅಂತ ಸಾಬರು ಜೋರಾಗಿ ನಕ್ಕರು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವಳಿಗೆ ಮುಂದಿನದು ಆಗಲೇ ಗೊತ್ತಾಗಿತ್ತು.

ಕ್ಲಬ್ಬಿನ ಮಿಕ್ಕ ಕೋಲುಗಳು ಬಂದವು. ಅಪ್ಪ ಬಾನಿಯಲ್ಲಿ ಉಳಿದಿದ್ದ ತೊಗಲನ್ನು ಎತ್ತಿ ಮಾರಿಬಂದ. ಇನ್ನೇನು ಸ್ಕೂಲು ತೆಗೆಯಬೇಕು, ಒಂದು ಬೆಳಗ್ಗೆ ಅವನು ಮಂಕರಿ, ಗುದ್ದಲಿ ಹಿಡಿದು ಹಿತ್ತಲಿಗೆ ಹೋದ. ಅಜ್ಜಿ ಅವನಿಗಿಂತ ಮುಂಚೆ ಹೋಗಿ ಬಾನಿಯ ಕಂಠದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಏಳವ್ವ ಅಂದ ಅಪ್ಪ. ಏಳಲಿಲ್ಲ. ಮಣ್ಣು ಹಾಕೋದಾದ್ರೆ ನನ್ ಮ್ಯಾಲೂ ಹಾಕು ಅಂದಳು. ಅಪ್ಪ ಗುದ್ದಲಿ ಊರಿಕೊಂಡು ನಿಂತ. ಹಿಂಬಾಗಿಲ ಹೊಸ್ತಿಲ ಒಳಗೆ ಅವ್ವ ನಿಂತಿದ್ದಳು, ಅವಳ ಪಕ್ಕದಲ್ಲಿ ಟ್ರಂಕು. ಬಿಸಿಲು ಏರುತ್ತ ಬಂತು. ನಾನು ಹೋಗಿ ಅಜ್ಜಿಯ ಪಕ್ಕ ಕೂತೆ. ಅವಳ ಹಾಗೆಯೇ ಕಾಲು ಇಳಿಬಿಟ್ಟೆ. ಕೆಳಗೆ ಚಕ್ಕೆಯ ನೀರು ಸ್ವಲ್ಪ ಉಳಿದಿತ್ತು, ಅದರಲ್ಲಿ ನಮ್ಮಿಬ್ಬರ ಕಾಲುಗಳೂ ಕಾಣುತ್ತಿದ್ದವು.

"ಹೋಯ್ತೀಯೇನೇ, ತೆಲುಗ್ರು ಸೀಮೆಗೆ?"

ನಾನು ಹಿಮ್ಮಡಿಯಿಂದ ಬಾನಿಯ ಗೋಡೆಯನ್ನು ತಟ್ಟುತ್ತ ಕೂತೆ.

"ಇಸ್ಕೂಲ್ನಾಗೆ ಬಾಗ್ಲತ್ರ ಕೂತ್ಕತೀಯಂತೆ."

ಹೂಂ ಅಂದೆ.

"ಗಾಳಿಗಾ?"

ತಲೆ ಅಲ್ಲಾಡಿಸಿದೆ, ಅಲ್ಲ ಅಂತ. ಆ ಮಾತು ನಾನು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಬಹಳ ಹೊತ್ತು ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಆ ಕೈಯನ್ನು ಅಪ್ಪನ ಕಡೆಗಲ್ಲ, ಹಿಂಬಾಗಿಲ ಕಡೆಗೆ ಚಾಚಿದಳು.

"ಎಬ್ಬಿಸು ಬಾರೆ. ಮಂಡಿ ಹಿಡ್ಕಂಡೈತೆ."

ಅವ್ವ ಅಷ್ಟು ವರ್ಷ ದಾಟದೆ ಇದ್ದ ಹೊಸ್ತಿಲನ್ನು ದಾಟಿ ಬಂದು ಅವಳನ್ನು ಎಬ್ಬಿಸಿದಳು. ಅಪ್ಪ ಮಣ್ಣು ಎಳೆದ, ನಾವೆಲ್ಲ ಮಂಕರಿಯಲ್ಲಿ ಹೊತ್ತು ಹಾಕಿದೆವು. ಕೇರಿಯ ಹೆಂಗಸರೂ ಬಂದು ಕೈ ಹಾಕಿದರು. ಸಂಜೆಗೆ ಅಲ್ಲಿ ಹೊಸ ಮಣ್ಣಿನ ಒಂದು ದುಂಡನೆಯ ಗುರುತು ಮಾತ್ರ ಇತ್ತು. ನಾನು ಹೊಸಕೋಟೆಗೆ ಹೋಗಲಿಲ್ಲ. ಕೊರಟಗೆರೆಯ ಸ್ಕೂಲಿನಲ್ಲೂ ಕೆಲವು ದಿನ ಅಭ್ಯಾಸಬಲದಿಂದ ಬಾಗಿಲ ಹತ್ತಿರವೇ ಕೂತೆ. ಆಮೇಲೆ ಒಬ್ಬ ಹುಡುಗಿ ತಡವಾಗಿ ಬಂದು, ಜಾಗವಿಲ್ಲದೆ ನನ್ನನ್ನು ಒತ್ತಿಕೊಂಡು ಕೂತಳು, ಪಾಠ ಮುಗಿಯುವವರೆಗೂ ಸರಿಯಲಿಲ್ಲ. ಅಷ್ಟೇ. ನಾಚಿಕೆ ಮಾತ್ರ ಬಿಡಲಿಲ್ಲ, ಅದು ನನ್ನ ಜೊತೆಯೇ ಬೆಳೆದು ದೊಡ್ಡದಾಯಿತು.

ಮಳೆ ಒಂದೆರಡು ಬಿದ್ದು, ತೊಳೆದು, ವಾಸನೆ ಪೂರ್ತಿ ಹೋದ ಮೇಲೆ ನಡೆದದ್ದು ಇದು. ಅಜ್ಜಿ ಹೊತ್ತು ಮುಳುಗುವಾಗ ಸೊಪ್ಪು ಕುಯ್ದುಕೊಂಡು ಬರುತ್ತಿದ್ದಳು. ನಾವು ಜಗಲಿಯ ಮೇಲಿದ್ದೆವು. ಅವಳು ನಮ್ಮ ಮುಂದೆಯೇ ಹಾದು, ನಿಲ್ಲದೆ, ಬೆಟ್ಟದ ಕಡೆ ನಡೆದುಹೋದಳು. ನಮ್ಮದು ಕೊನೆಯ ಮನೆ, ಅಲ್ಲಿಂದ ಆಚೆ ಬಂಡೆ, ಲಾಂಟಾನ ಪೊದೆ. ಇನ್ನೂ ಸಿಟ್ಟಿದೆ ಅಂದುಕೊಂಡ ಅಪ್ಪ. ಅವಳು ಸ್ವಲ್ಪ ದೂರ ಹೋಗಿ ನಿಂತಳು. ಮುಖ ಮೇಲೆತ್ತಿ ಆ ಕಡೆ ಈ ಕಡೆ ತಿರುಗಿದಳು, ಗಾಳಿಯಲ್ಲಿ ಏನನ್ನೋ ಹುಡುಕುವವಳ ಹಾಗೆ. ಆಗ ಗೊತ್ತಾಯಿತು ನಮಗೆ. ಅವಳ ಕಣ್ಣು ಯಾವಾಗಲೋ ಮಂಜಾಗಿ ಹೋಗಿತ್ತು. ಸಂಜೆಯ ಹೊತ್ತು ಅವಳಿಗೆ ಮನೆ ಕಾಣುತ್ತಲೇ ಇರಲಿಲ್ಲ. ಬಾನಿಯ ವಾಸನೆ ಹಿಡಿದು ಬರುತ್ತಿದ್ದಳು.

ಅವ್ವ ಎದ್ದು ಓಡಿದಳು. ಹತ್ತಿರ ಹೋದ ಮೇಲೆ ಮಾತ್ರ ನಿಧಾನ ಮಾಡಿ, ಏನೂ ಆಗದವಳ ಹಾಗೆ, "ಸೊಪ್ಪು ಇಲ್ಲಿ ಕೊಡತ್ತಾ, ಸಾರಿಗೆ ಹೊತ್ತಾಯ್ತು" ಅಂತ ಪುಟ್ಟಿ ಇಸಿದುಕೊಂಡು, ಅವಳ ಇನ್ನೊಂದು ಕೈ ತನ್ನ ಹೆಗಲಿಗೆ ತಾಗುವ ಹಾಗೆ ಮುಂದೆ ನಡೆದು ಬಂದಳು. ಯಾರೂ ಕಣ್ಣಿನ ಮಾತು ತೆಗೆಯಲಿಲ್ಲ. ಮಾರನೆಯ ಸಂಜೆಯಿಂದ ಅವ್ವ ಹೊತ್ತಿಳಿಯುವಾಗ ಜಗಲಿಗೆ ಬಂದು ನಿಂತು ಗಟ್ಟಿಯಾಗಿ ಕೋಳಿಗಳನ್ನು ಬೈಯುವುದಕ್ಕೆ ಶುರುಮಾಡಿದಳು. "ಥೂ ನಿಮ್ ವಂಶ ಹಾಳಾಗ, ಒಳಗೋಗ್ರೇ, ಬಾ ಬಾ ಬಾ" ಅಂತ ಹಳ್ಳದವರೆಗೆ ಕೇಳುವ ದನಿ. ಆ ದನಿ ಹಿಡಿದುಕೊಂಡು ಅಜ್ಜಿ ನೆಟ್ಟಗೆ ಬಂದು ಜಗಲಿಯ ಅಂಚನ್ನು ಕಾಲಿನಿಂದ ಮುಟ್ಟಿ ಕೂರುತ್ತಿದ್ದಳು. ನಾನು ಮದುವೆಯಾಗಿ ಬರುವ ತನಕವೂ ಅದು ತಪ್ಪಲಿಲ್ಲ.

"ಏನ್ ಗಂಟ್ಲೇ ನಿನ್ದು. ಕೋ‌ಳಿ ಮ್ಯಾಲೆ ಅಷ್ಟೊಂದು ಸಿಟ್ಟಾ?" ಅಂತ ಅಜ್ಜಿ ದಿನವೂ ಕೇಳುವಳು.

"ಏನ್ಮಾಡದತ್ತಾ, ಹೇಳಿದ್ ಮಾತೇ ಕೇಳಲ್ಲ" ಅಂತ ಅವ್ವ ದಿನವೂ ಹೇಳುವಳು.

ನಮ್ಮ ಮನೆಯಲ್ಲಿ ಕೋಳಿಯೇ ಇರಲಿಲ್ಲ.